ಪ್ಯಾಕೆಟ್‌ಗಳ ನೆರೆ: ತಡೆಯುವ ಜಾಗ ಯಾವುದು?

ಸೆಕ್ಯುರಿಟಿ ಪ್ಲಸ್ ಪರೀಕ್ಷೆಗೆ ಓದುತ್ತಿರುವ ಐದಾರು ಹುಡುಗ ಹುಡುಗಿಯರು ವಾರಕ್ಕೆರಡು ಸಂಜೆ ನಮ್ಮ ಮನೆಯ ಮಹಡಿ ಕೋಣೆಗೆ ಬರುತ್ತಾರೆ. ಎರಡು ಹಳೆಯ ಸ್ವಿಚ್, ಒಂದು ರೂಟರ್, ಮೂರು ಕಂಪ್ಯೂಟರ್ ಜೋಡಿಸಿದ ಪುಟ್ಟ ರ‍್ಯಾಕ್ ಒಂದು ಅಲ್ಲಿದೆ. ಕಳೆದ ಮಳೆಗಾಲದ ಒಂದು ಸಂಜೆ ಅಭ್ಯಾಸದ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೆವು. ವೆಬ್ ಸರ್ವರ್ ಒಂದರ ಮೇಲೆ ಸಿನ್ ಪ್ಯಾಕೆಟ್‌ಗಳು ನೆರೆಯ ಹಾಗೆ ನುಗ್ಗುತ್ತಿವೆ, ನೋಡಿಕೊಳ್ಳುವವರು ಏನು ಮಾಡಬೇಕು ಎಂಬ ಪ್ರಶ್ನೆ. ಕೆಳಗೆ ನಾಲ್ಕು ಉತ್ತರ. ಒಬ್ಬ ಹುಡುಗ ಉತ್ತರಗಳನ್ನು ಓದುವ ಮೊದಲೇ ಹೇಳಿಬಿಟ್ಟ: “ಫೈರ್‌ವಾಲ್‌ನಲ್ಲಿ ಬ್ಲಾಕ್ ಮಾಡಿದರಾಯಿತಲ್ಲ ಸರ್.”

ಮಾಡಿ ನೋಡು ಎಂದೆ. ಒಂದು ಕಂಪ್ಯೂಟರಿನಿಂದ ನೆರೆ ಹರಿಸಿದೆವು. ಪ್ರತಿ ಪ್ಯಾಕೆಟ್ಟಿನ ಮೇಲೂ ಬೇರೆ ಬೇರೆ ಸುಳ್ಳು ವಿಳಾಸ. ಅವನು ಒಂದು ವಿಳಾಸಕ್ಕೆ ತಡೆ ಬರೆದ, ಮುಂದಿನ ಪ್ಯಾಕೆಟ್ ಇನ್ನೊಂದು ವಿಳಾಸದಿಂದ ಬಂತು. ಹತ್ತು ನಿಮಿಷದಲ್ಲಿ ನಲವತ್ತು ಸಾಲು ಬರೆದಿದ್ದ. ಒಂದು ಸಾಲಿಗಾದರೂ ಎರಡನೇ ಸಲ ಕೆಲಸ ಬಿದ್ದಿರಲಿಲ್ಲ. ಕೊನೆಗೆ ಬೇಸತ್ತು 80ನೇ ಪೋರ್ಟನ್ನೇ ಮುಚ್ಚಿದ. ನೆರೆ ನಿಂತಿತು, ವೆಬ್‌ಸೈಟೂ ನಿಂತಿತು. ದಾಳಿ ಮಾಡುವವನಿಗೆ ಬೇಕಾಗಿದ್ದೂ ಅದೇ ಎಂಬುದು ಅವನಿಗೇ ಹೊಳೆಯಿತು.

ನೆರೆ ದಾಳಿಯನ್ನು ಹೇಗೆ ತಡೆಯಬೇಕು ಎಂದು ಪಠ್ಯಗಳು ಕೇಳುತ್ತವೆ. ಇಪ್ಪತ್ತು ವರ್ಷ ಜಾಲಗಳ ಜೊತೆ ಕಳೆದ ನನಗೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಎಲ್ಲಿ ತಡೆಯಬೇಕು ಎನ್ನುವುದು ಎಂದು ಅನ್ನಿಸಿದೆ. ತುಂಬಿ ಹೋಗಿರುವುದು ಸ್ವಿಚ್ಚಿನ ಪಟ್ಟಿಯೋ, ಸರ್ವರ್‌ನ ಸಾಲೋ, ಹೊರಗಿನಿಂದ ಬರುವ ಲೈನೋ, ಡೇಟಾಬೇಸೋ? ಅದು ಗೊತ್ತಾದರೆ ತಡೆಯುವ ಜಾಗ ಗೊತ್ತಾಗುತ್ತದೆ. ಗೊತ್ತಿಲ್ಲದೆ ಬರೆದ ನಿಯಮ ಆ ಹುಡುಗನ ನಲವತ್ತು ಸಾಲಿನ ಹಾಗೆ.

ಸುಲಭದ್ದನ್ನು ಮೊದಲು ಮುಗಿಸೋಣ. ನಮ್ಮದೇ ಕಟ್ಟಡದೊಳಗಿನ ನೆರೆಯನ್ನು ನಿಜಕ್ಕೂ ಬ್ಲಾಕ್ ಮಾಡಬಹುದು. ಯಾವ ಪೋರ್ಟ್‌ನ ಆಚೆ ಯಾವ ಮ್ಯಾಕ್ ವಿಳಾಸವಿದೆ ಎಂದು ಸ್ವಿಚ್ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ, ಆ ಪಟ್ಟಿಗೆ ಮಿತಿ ಇದೆ. ಸುಳ್ಳು ಮ್ಯಾಕ್ ವಿಳಾಸಗಳನ್ನು ಸುರಿದು ಪಟ್ಟಿ ತುಂಬಿಸಿದರೆ ಸ್ವಿಚ್ಚು ಪಟ್ಟಿಯಲ್ಲಿ ಜಾಗ ಸಿಗದವರಿಗೆ ಹೋಗಬೇಕಾದ ಮಾತನ್ನು ಎಲ್ಲ ಪೋರ್ಟ್‌ಗಳಿಗೂ ಹಂಚಲು ಶುರುಮಾಡುತ್ತದೆ. ಪೋರ್ಟ್ ಸೆಕ್ಯುರಿಟಿ ಎರಡು ಸಾಲಿನಲ್ಲಿ ಇದನ್ನು ನಿಲ್ಲಿಸುತ್ತದೆ: ಈ ಪೋರ್ಟ್‌ಗೆ ಇಷ್ಟೇ ವಿಳಾಸ, ಹೆಚ್ಚಾದರೆ ಪೋರ್ಟ್ ಬಂದ್. ಐಪಿ ವಿಳಾಸಗಳನ್ನೆಲ್ಲ ಬಾಚಿಕೊಳ್ಳುವ ದಾಳಿಗೆ ಡಿಎಚ್‌ಸಿಪಿ ಸ್ನೂಪಿಂಗ್, ಬ್ರಾಡ್‌ಕಾಸ್ಟ್ ಅಬ್ಬರಕ್ಕೆ ಸ್ಟಾರ್ಮ್ ಕಂಟ್ರೋಲ್. ಸಿಸಿಎನ್‌ಎ ಓದುವವರಿಗೆ ಇವೆಲ್ಲ ಬಾಯಿಪಾಠ. ಇವು ಫಲಿಸುವುದಕ್ಕೆ ಕಾರಣ, ಸ್ವಿಚ್ ನಮ್ಮದು, ಕೇಬಲ್ ನಮ್ಮದು, ಅದರ ಇನ್ನೊಂದು ತುದಿ ಯಾರ ಮೇಜಿನ ಕೆಳಗಿದೆ ಎಂದು ಎದ್ದು ಹೋಗಿ ನೋಡಬಹುದು. ಇಂಟರ್ನೆಟ್ಟಿನಲ್ಲಿ ಹಾಗೆ ಎದ್ದು ಹೋಗಿ ನೋಡಲಾಗುವುದಿಲ್ಲ.

ಅದು ಲೋಕಕ್ಕೆ ಚೆನ್ನಾಗಿ ಗೊತ್ತಾದದ್ದು 1996ರ ಸೆಪ್ಟೆಂಬರ್‌ನಲ್ಲಿ. ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಹಳೆಯ ಇಂಟರ್ನೆಟ್ ಸೇವಾ ಸಂಸ್ಥೆಯ ಮೇಲ್ ಸರ್ವರ್, ವೆಬ್ ಸರ್ವರ್‌ಗಳೆಲ್ಲ ದಿನಗಟ್ಟಲೆ ತತ್ತರಿಸಿದವು. ಸರ್ವರ್‌ಗೆ ಯಾರೂ ನುಗ್ಗಿರಲಿಲ್ಲ, ಏನನ್ನೂ ಕದ್ದಿರಲಿಲ್ಲ, ಸಿನ್ ನೆರೆ ಹರಿಸಿದ್ದರು ಅಷ್ಟೆ. ಅದೇ ತಿಂಗಳ 19ರಂದು ಅಮೆರಿಕದ ಸರ್ಟ್ ಎಂಬ ಸೈಬರ್ ಸುರಕ್ಷತಾ ಕೇಂದ್ರ ಇಂಥ ನೆರೆಯ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಆ ದಾಳಿಯನ್ನು ನಮ್ಮ ಕೆಂಪು ಬಸ್ಸಿನಲ್ಲಿ ಓಡಾಡಿದವರಿಗೆ ವಿವರಿಸುವುದು ಕಷ್ಟವಲ್ಲ. ಹಬ್ಬದ ಹಿಂದಿನ ದಿನ ಬಸ್ಸು ನಿಲ್ದಾಣಕ್ಕೆ ಬರುತ್ತಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಟಿಸಿಪಿ ಸಂಪರ್ಕ ಶುರುವಾಗುವುದೂ ಹಾಗೆಯೇ. ಮೊದಲ ಸಿನ್ ಪ್ಯಾಕೆಟ್ ಬಂದ ಕೂಡಲೇ ಸರ್ವರ್ ಅದಕ್ಕೊಂದು ಜಾಗ ಕಾದಿರಿಸಿ, ಸಿನ್-ಆ್ಯಕ್ ಎಂಬ ಮರುಮಾತು ಕಳಿಸಿ, ಮೂರನೆಯದಾದ ಆ್ಯಕ್‌ಗಾಗಿ ಕಾಯುತ್ತದೆ. ಸುಳ್ಳು ವಿಳಾಸದಿಂದ ಬಂದ ಸಿನ್‌ಗೆ ಮೂರನೆಯ ಮಾತು ಬರುವುದೇ ಇಲ್ಲ. ಬಸ್ಸಿನ ತುಂಬ ಟವೆಲ್, ಕೂರುವವರು ಯಾರೂ ಇಲ್ಲ, ಹತ್ತಲು ಬಂದವರಿಗೆ ಜಾಗವಿಲ್ಲ. ಆ ಕಾಲದ ಬಿಎಸ್‌ಡಿ ಯುನಿಕ್ಸ್‌ಗಳಲ್ಲಿ ಒಂದು ಟವೆಲ್ 75 ಸೆಕೆಂಡು ಸೀಟಿನ ಮೇಲೆ ಇರುತ್ತಿತ್ತು. ನೂರು ಸೀಟು ಇದೆ ಎಂದುಕೊಂಡರೂ ಸೆಕೆಂಡಿಗೆ ಎರಡು ಪ್ಯಾಕೆಟ್ ಕಳಿಸಿದರೆ ಬಸ್ಸು ಯಾವಾಗಲೂ ಭರ್ತಿ. ಮನೆಯ ಫೋನಿಗೆ ಸಿಕ್ಕಿಸಿದ ಮೋಡೆಮ್ಮಿನಿಂದಲೂ ಆಗುವ ಕೆಲಸ. ಬಹಳ ಸರ್ವರ್‌ಗಳಲ್ಲಿ ನೂರು ಸೀಟೂ ಇರಲಿಲ್ಲ.

ಇದಕ್ಕೆ ಸಿಕ್ಕ ಪರಿಹಾರ ನನ್ನ ಲೆಕ್ಕದಲ್ಲಿ ಈ ಇಡೀ ಕ್ಷೇತ್ರದ ಅತ್ಯಂತ ಸುಂದರವಾದ ಯೋಚನೆ. ಆ ಸೆಪ್ಟೆಂಬರ್‌ನಲ್ಲೇ ಡ್ಯಾನಿಯಲ್ ಬರ್ನ್‌ಸ್ಟೀನ್ ಹೇಳಿದ್ದು ಇಷ್ಟು: ಸೀಟು ಕಾದಿರಿಸುವುದನ್ನೇ ಬಿಟ್ಟುಬಿಡಿ. ಬಂದವರ ಕೈಗೆ ಕಂಡಕ್ಟರ್ ಒಂದು ಚೀಟಿ ಕೊಡಲಿ, ತಾನು ಏನನ್ನೂ ಬರೆದಿಟ್ಟುಕೊಳ್ಳುವುದು ಬೇಡ. ಚೀಟಿ ಹಿಡಿದು ಯಾರು ತಿರುಗಿ ಬರುತ್ತಾರೋ ಅವರಿಗೆ ಸೀಟು. ಸಿನ್-ಆ್ಯಕ್‌ನಲ್ಲಿ ಹೇಗಿದ್ದರೂ 32 ಬಿಟ್‌ಗಳ ಒಂದು ಕ್ರಮಸಂಖ್ಯೆ ಹೋಗಬೇಕು. ಅದರಲ್ಲಿ 5 ಬಿಟ್ ಸಮಯಕ್ಕೆ, 3 ಬಿಟ್ ಪ್ಯಾಕೆಟ್ಟಿನ ಗರಿಷ್ಠ ಗಾತ್ರಕ್ಕೆ, ಉಳಿದ 24 ಬಿಟ್ ಗುಟ್ಟಿನ ಕೀಲಿಯಿಂದ ಹಾಕಿದ ಮುದ್ರೆಗೆ. ನಿಜವಾದ ಗಿರಾಕಿ ಅದೇ ಸಂಖ್ಯೆಗೆ ಒಂದು ಕೂಡಿಸಿ ಮರಳಿಸಿದಾಗ ಮುದ್ರೆ ತನ್ನದೇ ಹೌದೇ ಎಂದು ಸರ್ವರ್ ನೋಡಿಕೊಳ್ಳುತ್ತದೆ. ಸುಳ್ಳು ವಿಳಾಸದವನಿಗೆ ಚೀಟಿ ತಲುಪುವುದೇ ಇಲ್ಲ. ಇದೇ ಸಿನ್ ಕುಕಿ. ಗಾತ್ರಕ್ಕೆ ಮೂರೇ ಬಿಟ್ ಇರುವುದರಿಂದ ಎಂಟೇ ಬಗೆಯ ಗಾತ್ರ ಹಿಡಿಯುತ್ತದೆ, ಟಿಸಿಪಿಯ ಇನ್ನು ಕೆಲವು ಅನುಕೂಲಗಳೂ ಕೈತಪ್ಪುತ್ತವೆ. ಹಾಗಾಗಿ ಲಿನಕ್ಸ್ ಸಾಮಾನ್ಯ ದಿನಗಳಲ್ಲಿ ಹಳೆಯ ಕ್ರಮದಲ್ಲೇ ಸೀಟು ಕಾದಿರಿಸಿ, ಸಾಲು ತುಂಬಿ ತುಳುಕಿದಾಗ ಮಾತ್ರ ಚೀಟಿಗೆ ಇಳಿಯುತ್ತದೆ. ನಮ್ಮ ಹುಡುಗನ ಪ್ರಶ್ನೆಪತ್ರಿಕೆಯಲ್ಲಿದ್ದ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು ಇದೇ.

ಪ್ರತಿ ಸಂಪರ್ಕದ ಲೆಕ್ಕವನ್ನೂ ಇಡುವ ಫೈರ್‌ವಾಲ್‌ಗಳ ಬಗ್ಗೆ ಒಂದು ಮಾತು. ಸರ್ವರ್‌ನ ಮುಂದೆ ಅಂಥದೊಂದನ್ನು ನಿಲ್ಲಿಸಿದರೆ ಕೆಲವೊಮ್ಮೆ ಮೊದಲು ನೆಲಕಚ್ಚುವುದು ಅದೇ. ಅದಕ್ಕೂ ಒಂದು ಪಟ್ಟಿ ಇದೆ, ಆ ಪಟ್ಟಿಗೂ ಮಿತಿ ಇದೆ. ಕಾವಲಿಗೆ ಇಟ್ಟ ಪೆಟ್ಟಿಗೆ ತಾನೇ ತುಂಬಿ ನಿಂತು, ಹಿಂದಿನ ಸರ್ವರ್ ಕೆಲಸವಿಲ್ಲದೆ ಸುಮ್ಮನೆ ಕುಳಿತದ್ದನ್ನು ನಾನು ಹಿಂದೊಮ್ಮೆ ಕೆಲಸದ ಜಾಗದಲ್ಲಿ ರಾತ್ರಿಯಿಡೀ ನೋಡಿದ್ದೇನೆ. ಪರೀಕ್ಷೆಗೆ ಓದುವವರು ಫೈರ್‌ವಾಲ್ ಪಾಠವನ್ನೂ ಡಿಡಿಒಎಸ್ (ಹಲವು ಕಡೆಯಿಂದ ಒಟ್ಟಿಗೆ ಹರಿಸುವ ನೆರೆ) ಪಾಠವನ್ನೂ ಬೇರೆ ಬೇರೆ ವಾರ ಓದುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ಸರ್ವರ್ ಎಷ್ಟೇ ಜಾಣನಾಗಿದ್ದರೂ ಪ್ರಯೋಜನವಿಲ್ಲದ ಕಡೆಗೆ ಬರೋಣ. ಸೆಕೆಂಡಿಗೆ ಒಂದು ಗಿಗಾಬಿಟ್ ಲೈನಿನಲ್ಲಿ ಅತಿ ಚಿಕ್ಕ ಈಥರ್‌ನೆಟ್ ಫ್ರೇಮುಗಳು ಸೆಕೆಂಡಿಗೆ 14.88 ಲಕ್ಷ ಹಿಡಿಯುತ್ತವೆ, ಅಷ್ಟೆ. ಬಂದ ಪ್ಯಾಕೆಟ್ಟನ್ನು ಬಿಸಾಡುವುದು ಇವತ್ತು ಕಷ್ಟವೇ ಅಲ್ಲ. ಲಿನಕ್ಸ್‌ಗೆ 2016ರಲ್ಲಿ ಸೇರಿದ ಎಕ್ಸ್‌ಡಿಪಿ ತಂತ್ರದಿಂದ ಪ್ರೊಸೆಸರ್‌ನ ಒಂದೇ ಕೋರ್ ಸೆಕೆಂಡಿಗೆ ಒಂದು ಕೋಟಿ ಪ್ಯಾಕೆಟ್ ಬಿಸಾಡುತ್ತದೆ ಎಂದು ಕ್ಲೌಡ್‌ಫ್ಲೇರ್‌ನವರು 2018ರಲ್ಲಿ ತೋರಿಸಿದರು. ಆದರೆ ಬಿಸಾಡುವುದಕ್ಕೆ ಮೊದಲೇ ಅದು ನಮ್ಮ ಲೈನಿನಲ್ಲಿ ಬಂದಾಗಿರುತ್ತದೆ. ಒಂದು ಗಿಗಾಬಿಟ್ ಲೈನಿಗೆ ಹತ್ತು ಗಿಗಾಬಿಟ್ ನೆರೆ ಬಂದರೆ ಒಳ್ಳೆಯ ಪ್ಯಾಕೆಟ್‌ಗಳು ಐಎಸ್‌ಪಿಯ ರೂಟರ್‌ನಲ್ಲೇ, ನಮ್ಮ ಬಾಗಿಲಿಗೆ ಬರುವ ಮೊದಲೇ, ಸತ್ತಿರುತ್ತವೆ. ಸಾಲು ಕೆರೆಗಳ ಊರಿನವರಿಗೆ ಇದು ಗೊತ್ತು. ಮೇಲಿನ ಕೆರೆಯ ಏರಿ ಒಡೆದ ಮೇಲೆ ಕೆಳಗಿನ ಕೆರೆಯ ತೂಬಿನ ಹತ್ತಿರ ನಿಂತು ಮಾಡುವಂಥದ್ದು ಏನೂ ಇರುವುದಿಲ್ಲ.

2000ದ ಫೆಬ್ರವರಿ 7ರಂದು ಯಾಹೂ ಹೀಗೆ ಕೆಳಗೆ ಬಿತ್ತು. ಮುಂದಿನ ದಿನಗಳಲ್ಲಿ ಇಬೇ, ಸಿಎನ್‌ಎನ್, ಅಮೆಜಾನ್. ಮಾಡಿದವನು ಕೆನಡಾದ ಮಾಂಟ್ರಿಯಲ್ ಕಡೆಯ 15 ವರ್ಷದ ಹುಡುಗ. ಅವನು ಬಳಸಿದ ಯಂತ್ರಗಳು ಅವನವಲ್ಲ, ಬೇರೆಯವರವು. ಇಂಥ ಹೊತ್ತಿನಲ್ಲಿ ಐಎಸ್‌ಪಿಯ ಕೈಲಿರುವ ಬಹಳ ಹಳೆಯ ಅಸ್ತ್ರ ಬ್ಲ್ಯಾಕ್‌ಹೋಲ್: ದಾಳಿಗೆ ಸಿಕ್ಕ ವಿಳಾಸಕ್ಕೆ ಬರುವುದನ್ನೆಲ್ಲ, ಒಳ್ಳೆಯದು ಕೆಟ್ಟದ್ದು ನೋಡದೆ, ಜಾಲದ ಅಂಚಿನಲ್ಲೇ ಸುರಿದುಬಿಡುವುದು. ಜಾಲಗಳು ಒಂದಕ್ಕೊಂದು ದಾರಿ ತಿಳಿಸುವ ಬಿಜಿಪಿಯಲ್ಲಿ ಇದಕ್ಕೆಂದೇ 65535:666 ಎಂಬ ಗುರುತನ್ನು 2016ರಲ್ಲಿ ಗೊತ್ತುಮಾಡಿದ್ದಾರೆ. ಒಬ್ಬ ಗಿರಾಕಿಯನ್ನು ಕೈಬಿಟ್ಟು ಅದೇ ಲೈನಿನ ಉಳಿದವರನ್ನು ಉಳಿಸಿಕೊಳ್ಳುವ ಕ್ರಮ ಇದು. ನಮ್ಮ ಹುಡುಗ 80ನೇ ಪೋರ್ಟ್ ಮುಚ್ಚಿದನಲ್ಲ, ಅದೇ ಕೆಲಸ, ಇನ್ನೂ ದೊಡ್ಡದಾಗಿ. ಒಪ್ಪಿಕೊಳ್ಳಲು ನೋವಾಗುತ್ತದೆ. ಆದರೂ ಬೇರೆ ದಾರಿ ಇಲ್ಲದ ರಾತ್ರಿಗಳು ಇರುತ್ತವೆ.

ನೆರೆ ಇಷ್ಟು ದೊಡ್ಡದಾಗುವುದು ಎಲ್ಲಿಂದ? 1998ರ ಹೊತ್ತಿಗೆ ಹೆಸರಾದ ಸ್ಮರ್ಫ್ ದಾಳಿಯಲ್ಲಿ ಉತ್ತರವಿದೆ. ಬಲಿಯಾಗಬೇಕಾದವರ ವಿಳಾಸವನ್ನೇ ಕಳಿಸಿದವರ ವಿಳಾಸವೆಂದು ಬರೆದು, ದೊಡ್ಡದೊಂದು ಜಾಲದ ಬ್ರಾಡ್‌ಕಾಸ್ಟ್ ವಿಳಾಸಕ್ಕೆ ಒಂದು ಪಿಂಗ್ ಕಳಿಸಿದರೆ ಆ ಜಾಲದ ಅಷ್ಟೂ ಯಂತ್ರಗಳು ಬಲಿಗೆ ಉತ್ತರ ಕಳಿಸುತ್ತಿದ್ದವು. ಒಂದು ಹಾಕಿದರೆ ನೂರು. ಇದನ್ನು ಗೆದ್ದದ್ದು ಫೈರ್‌ವಾಲ್ ಅಲ್ಲ. ರೂಟರ್‌ಗಳು ಇಂಥ ಪ್ಯಾಕೆಟ್ಟನ್ನು ಒಳಗೆ ಬಿಡುವುದು ಮೊದಲಿನಿಂದ ರೂಢಿಯಾಗಿತ್ತು. 1999ರಲ್ಲಿ ಬಂದ ಆರ್‌ಎಫ್‌ಸಿ 2644 ಎಂಬ ಇಂಟರ್ನೆಟ್ ನಿಯಮಪತ್ರ ಆ ರೂಢಿಯನ್ನು ತಿರುಗಿಸಿತು: ಕೇಳದಿದ್ದರೆ ಬಿಡಬೇಡಿ. ಹೊಸ ರೂಟರ್‌ಗಳು ಪೆಟ್ಟಿಗೆಯಿಂದ ಹೊರಬರುವಾಗಲೇ ಮುಚ್ಚಿಕೊಂಡು ಬಂದವು. ಕೆಲವು ವರ್ಷಗಳಲ್ಲಿ ಸ್ಮರ್ಫ್ ಇತಿಹಾಸವಾಯಿತು.

ಅದೇ ಉಪಾಯ ಬೇರೆ ಬೇರೆ ರೂಪದಲ್ಲಿ ಮತ್ತೆ ಬಂತು. ಯುಡಿಪಿಯಲ್ಲಿ ಕೈಕುಲುಕುವ ಹಂತವೇ ಇಲ್ಲ, ಚಿಕ್ಕ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವ ಸೇವೆಗಳು ಅದರ ಮೇಲೆ ಬೇಕಾದಷ್ಟಿವೆ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರನ್ನು ತೆರೆದಿಟ್ಟರೆ ಅದು ಕೇಳಿದ್ದರ 28ರಿಂದ 54 ಪಟ್ಟು ಉತ್ತರ ಕೊಡುತ್ತದೆ. ಗಡಿಯಾರ ಹೊಂದಿಸುವ ಎನ್‌ಟಿಪಿಯ ಒಂದು ಹಳೆಯ ಆಜ್ಞೆ 556 ಪಟ್ಟು. ಮೆಮ್‌ಕ್ಯಾಶ್‌ಡಿ ಎಂಬ ತಾತ್ಕಾಲಿಕ ನೆನಪಿನ ತಂತ್ರಾಂಶ 51,000 ಪಟ್ಟಿನವರೆಗೆ. 2018ರ ಫೆಬ್ರವರಿ 28ರಂದು ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ನೆರೆ ಬಂದದ್ದು ಹೀಗೆ. ಐದು ನಿಮಿಷ ತಾಣ ಪೂರ್ತಿ ಇಲ್ಲವಾಗಿ, ಮತ್ತೆ ನಾಲ್ಕು ನಿಮಿಷ ಬಂದು ಹೋಗಿ ಮಾಡಿತು. ಅಷ್ಟರಲ್ಲಿ ಗಿಟ್‌ಹಬ್‌ನವರು ತಮ್ಮ ದಾರಿಯನ್ನು ಇಂಥ ನೆರೆಯನ್ನು ಸೋಸುವ ಅಕಮೈ ಸಂಸ್ಥೆಯ ಜಾಲದ ಮೂಲಕ ತಿರುಗಿಸಿದ್ದರು. ಮೆಮ್‌ಕ್ಯಾಶ್‌ಡಿಯ ಹೊಸ ಆವೃತ್ತಿ ಅದೇ ವಾರ ಯುಡಿಪಿಯನ್ನು ಮೊದಲೇ ಮುಚ್ಚಿಟ್ಟುಕೊಂಡು ಹೊರಬಂತು. ಮತ್ತೆ ಅದೇ ಮದ್ದು.

ಈ ಎಲ್ಲ ದಾಳಿಗಳ ಬೇರು ಒಂದೇ, ಸುಳ್ಳು ವಿಳಾಸ. ಅದಕ್ಕೆ ಮದ್ದು 1998ರ ಜನವರಿಯಿಂದ ಬರಹದಲ್ಲಿದೆ. ಪಾಲ್ ಫರ್ಗುಸನ್, ಡೇನಿಯಲ್ ಸೀನಿ ಇಬ್ಬರು ಬರೆದು, 2000ದ ಮೇನಲ್ಲಿ ಆರ್‌ಎಫ್‌ಸಿ 2827 ಎಂದು ಮತ್ತೆ ಬಂದ ಅದನ್ನು ಎಲ್ಲರೂ ಬಿಸಿಪಿ 38 ಎನ್ನುತ್ತಾರೆ. ಸ್ಮರ್ಫ್‌ಗೆ ಮದ್ದು ಬರೆದವರೂ ಇದೇ ಸೀನಿ. ಹೇಳುವುದು ಸರಳ: ನಿಮ್ಮ ಗಿರಾಕಿಗೆ ನೀವು ಕೊಟ್ಟ ವಿಳಾಸ ಬಿಟ್ಟು ಬೇರೆ ವಿಳಾಸ ಹೊತ್ತ ಪ್ಯಾಕೆಟ್ ಅವನ ಕಡೆಯಿಂದ ಬಂದರೆ ಅಲ್ಲೇ ನಿಲ್ಲಿಸಿ. ರೂಟರ್‌ನಲ್ಲಿ ಒಂದು ಸಾಲಿನ ಕೆಲಸ. ಕಾಲು ಶತಮಾನ ಕಳೆದರೂ ಎಲ್ಲ ಜಾಲಗಳೂ ಇದನ್ನು ಹಾಕಿಲ್ಲ. ಹಾಕಿದರೆ ಖರ್ಚು ನನ್ನದು, ಉಳಿಯುವುದು ಬೇರೊಬ್ಬರ ಸರ್ವರ್. ನನ್ನ ಜಾಲದಿಂದ ಹೊರಟ ಸುಳ್ಳು ಪ್ಯಾಕೆಟ್ ನನಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಮೇಲಿನ ಊರಿನವರು ತಮ್ಮ ಏರಿ ಭದ್ರಮಾಡಿದರೆ ಬದುಕುವವರು ಕೆಳಗಿನ ಊರಿನವರು. ಇದು ತಂತ್ರಜ್ಞಾನ ಸೋತ ಜಾಗವಲ್ಲ, ನೆರೆಹೊರೆತನ ಸೋತ ಜಾಗ. ಸರ್ಟಿಫಿಕೇಟ್ ಪಡೆದು ಐಎಸ್‌ಪಿಗಳಲ್ಲಿ ಕೆಲಸಕ್ಕೆ ಸೇರುವ ಮಕ್ಕಳಿಗೆ ನಾನು ಬಿಡದೆ ಹೇಳುವ ಪಾಠ ಇದೊಂದೇ: ಒಳಗೆ ಬರುವುದನ್ನು ಸೋಸುವ ಮೊದಲು ಹೊರಗೆ ಹೋಗುವುದನ್ನು ಸೋಸಿ.

ಸುಳ್ಳು ವಿಳಾಸ ನಿಂತರೆ ನೆರೆ ನಿಂತೀತೇ? ಪೂರ್ತಿ ಇಲ್ಲ ಎಂದು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ತೋರಿಸಿತು. ಕಾರ್ಖಾನೆಯಲ್ಲೇ ಇಟ್ಟ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದಾದ ಮೇಲೊಂದು ಹಾಕಿ ನೋಡುತ್ತ ಅದು ಮನೆಗಳ ಸಿಸಿಟಿವಿ ಪೆಟ್ಟಿಗೆ, ಕ್ಯಾಮರಾ, ರೂಟರ್‌ಗಳನ್ನು ಹಿಡಿಯಿತು. ಲಕ್ಷಾಂತರ ಯಂತ್ರಗಳು ತಮ್ಮ ನಿಜ ವಿಳಾಸದಿಂದಲೇ ಸುರಿಯುವಾಗ ಸುಳ್ಳಿನ ಅಗತ್ಯವೇ ಬೀಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ತಾಣಕ್ಕೆ ಸೆಕೆಂಡಿಗೆ 620 ಗಿಗಾಬಿಟ್ ಬಂತು. ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಸಂಸ್ಥೆಗೆ ಹೊಡೆತ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳು ಅಮೆರಿಕದ ಬಹುಭಾಗಕ್ಕೆ ಸಿಗದಾದವು.

ಕ್ರೆಬ್ಸ್ ಅವರ ಪ್ರಸಂಗ ನನ್ನನ್ನು ಇಂದಿಗೂ ಕಾಡುತ್ತದೆ. ಅವರ ತಾಣವನ್ನು ಅಲ್ಲಿಯವರೆಗೆ ಉಚಿತವಾಗಿ ಕಾಯುತ್ತಿದ್ದದ್ದು ಅಕಮೈ. ಹೊರೆ ಉಳಿದ ಗಿರಾಕಿಗಳಿಗೆ ತಗಲುವಂತಾದಾಗ ಅದು ಹಿಂದೆ ಸರಿಯಿತು. ಗೂಗಲ್‌ನ ಪ್ರಾಜೆಕ್ಟ್ ಶೀಲ್ಡ್ ಅವರನ್ನು ಒಳಗೆ ಕರೆದುಕೊಂಡಿತು. ಇಷ್ಟು ದೊಡ್ಡ ನೆರೆಯನ್ನು ನುಂಗಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯ ಸಂಸ್ಥೆಗಳು. ನಮ್ಮ ಊರಿನ ಒಂದು ಚಿಕ್ಕ ಪತ್ರಿಕೆಗೆ ಯಾರಾದರೂ ಹೀಗೆ ಮಾಡಿದರೆ ಅದು ಉಳಿಯುವುದು ಬಿಡುವುದು ಆ ಸಂಸ್ಥೆಗಳ ಮನಸ್ಸಿಗೆ ಬಿಟ್ಟದ್ದು.

ಅಂಥವರು ಬಳಸುವ, ನೆರೆಯನ್ನು ಹಲವು ಕಡೆ ಹಂಚಿಕೊಂಡು ತಡೆಯುವ ಉಪಾಯ ಮಾತ್ರ ಗಟ್ಟಿಯಾದದ್ದು. 2002ರ ಅಕ್ಟೋಬರ್ 21ರಂದು ಇಂಟರ್ನೆಟ್ಟಿನ 13 ಡಿಎನ್‌ಎಸ್ ಮೂಲ ಸರ್ವರ್‌ಗಳ ಮೇಲೂ ಒಟ್ಟಿಗೆ ದಾಳಿ ನಡೆಯಿತು. ಆಮೇಲೆ ಅವುಗಳನ್ನು ನಡೆಸುವವರು ಒಬ್ಬೊಬ್ಬರಾಗಿ ಎನಿಕಾಸ್ಟ್‌ಗೆ ಹೊರಳಿದರು. ಒಂದೇ ವಿಳಾಸವನ್ನು ಹಲವು ಊರುಗಳಿಂದ ಸಾರುವುದು, ಪ್ಯಾಕೆಟ್ ತನಗೆ ಹತ್ತಿರದ ಊರಿಗೆ ಹೋಗುವುದು. ನೆರೆ ಒಂದು ಕಡೆ ಸೇರದೆ ಹತ್ತು ಕಡೆ ಹಂಚಿಹೋಗುತ್ತದೆ. 2007ರ ಫೆಬ್ರವರಿಯಲ್ಲಿ ಮತ್ತೆ ಆರು ಮೂಲ ಸರ್ವರ್‌ಗಳ ಮೇಲೆ ದಾಳಿಯಾದಾಗ ಎದ್ದು ಕಾಣುವಂತೆ ಕುಂದಿದ್ದು ಎರಡೇ. ಆ ಎರಡೂ ಇನ್ನೂ ಎನಿಕಾಸ್ಟ್‌ಗೆ ಹೊರಳಿರಲಿಲ್ಲ.

ಕೊನೆಯದು ನಮ್ಮ ಮನೆಬಾಗಿಲಿನದು. 2025ರ ಜನವರಿಯಲ್ಲಿ ಕರ್ನಾಟಕದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಾಣ ನಿಂತು ನಿಂತು ಹೋಗಿ, ಉಪನೋಂದಣಿ ಕಚೇರಿಗಳಲ್ಲಿ ಜನ ಕಾಯುವಂತಾಯಿತು. ತಾಂತ್ರಿಕ ದೋಷವೆಂದುಕೊಂಡದ್ದು ಡಿಡಿಒಎಸ್ ಎಂದು ಹೊರಬಿತ್ತು. ನಕಲಿ ಖಾತೆಗಳಿಂದ ಇಸಿ (ಋಣಭಾರ ಪ್ರಮಾಣಪತ್ರ) ಹುಡುಕಾಟಕ್ಕೆ ಕೋರಿಕೆ ಸುರಿಯುತ್ತಿದ್ದರು. ಒಂದು ಸಲ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆ, 62 ಇಮೇಲ್ ಖಾತೆ, 14 ಐಪಿ ವಿಳಾಸ. ಈ ಅಂಕಿಯನ್ನು ಭಾಗಿಸಿ ನೋಡಿ ಎಂದು ನಮ್ಮ ಮಕ್ಕಳಿಗೆ ಕೊಟ್ಟೆ. ಸೆಕೆಂಡಿಗೆ ಸುಮಾರು 86. ಎಚ್‌ಟಿಟಿಪಿ 2ರ ಒಂದು ದೌರ್ಬಲ್ಯ ಹಿಡಿದು 2023ರಲ್ಲಿ ಗೂಗಲ್ ಮೇಲೆ ನಡೆದ ದಾಳಿಯಲ್ಲಿ ಸೆಕೆಂಡಿಗೆ 39.8 ಕೋಟಿ ಕೋರಿಕೆ ಬಂದಿತ್ತು. ಅದರ ಮುಂದೆ 86 ಏನೇನೂ ಅಲ್ಲ. ಯಾವ ಲೈನೂ ಅದರಿಂದ ತುಂಬುವುದಿಲ್ಲ, ಯಾವ ಸಿನ್ ಸಾಲೂ ತುಳುಕುವುದಿಲ್ಲ.

ಆದರೆ ಒಂದು ಇಸಿ ಹುಡುಕಾಟವೆಂದರೆ ವರ್ಷಗಟ್ಟಲೆಯ ನೋಂದಣಿಗಳಲ್ಲಿ ಒಂದು ಸೊತ್ತನ್ನು ಹುಡುಕುವುದು. ಇಲ್ಲಿ ಎಣಿಸಬೇಕಾದದ್ದು ಪ್ಯಾಕೆಟ್ ಅಲ್ಲ, ಒಂದೊಂದು ಪ್ಯಾಕೆಟ್ ಹಿಂದೆ ಮಾಡಿಸುವ ಕೆಲಸ. ಇಂಥ ನೆರೆಯನ್ನು ತಡೆಯುವ ಜಾಗ ತಾಣದ ಒಳಗೇ ಇದೆ: ಒಂದು ಖಾತೆಗೆ ಗಂಟೆಗೆ ಎಷ್ಟು ಹುಡುಕಾಟ, ಹೊಸ ಖಾತೆ ತೆರೆಯಲು ಯಾವ ಪುರಾವೆ, ಹುಡುಕುವ ಪದ ಅರ್ಥವಿಲ್ಲದ್ದಾದರೆ ಡೇಟಾಬೇಸಿನವರೆಗೆ ಬಿಡದಿರುವುದು. ಹುಡುಗನ ‘ಬ್ಲಾಕ್ ಮಾಡಿದರಾಯಿತು’ ಇಲ್ಲಿ ನಿಜಕ್ಕೂ ನಡೆಯುತ್ತದೆ, 14 ವಿಳಾಸ ತಾನೇ. ಆದರೆ ಅಷ್ಟೇ ಮಾಡಿದರೆ ನಾಳೆ ಬೇರೆ 14 ಬರುತ್ತವೆ.

ಈಗಿನ ಸೆಕ್ಯುರಿಟಿ ಪ್ಲಸ್, ಅಂದರೆ 2023ರ ನವೆಂಬರ್‌ನಲ್ಲಿ ಬಂದ ಆವೃತ್ತಿ, ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. ಡಿಡಿಒಎಸ್‌ನಲ್ಲಿ ಪ್ರತಿಫಲಿಸುವ ಬಗೆ, ಹಿಗ್ಗಿಸುವ ಬಗೆ ಎರಡನ್ನೂ ಹೆಸರಿಟ್ಟು ಕೇಳುತ್ತದೆ. ಹೆಸರು ಗೊತ್ತಿರುವುದು ಸಣ್ಣ ಮಾತಲ್ಲ. ಹೆಸರಿಲ್ಲದೆ ಐಎಸ್‌ಪಿಯವರ ಜೊತೆ ನಡುರಾತ್ರಿ ಮಾತಾಡಲಾಗುವುದಿಲ್ಲ. ಅದರ ಜೊತೆಗೆ ನಮ್ಮ ಕಾನೂನನ್ನೂ ಓದಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43, 66ನೇ ಕಲಂಗಳ ಪ್ರಕಾರ ಇನ್ನೊಬ್ಬರ ಜಾಲವನ್ನು ದುರುದ್ದೇಶದಿಂದ ಅಡ್ಡಿಪಡಿಸಿದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದಾಳಿಗೆ ಒಳಗಾದವರಿಗೂ ಹೊಣೆಯಿದೆ. ಭಾರತದ ಸರ್ಟ್ ಆದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ ಆರು ಗಂಟೆಯೊಳಗೆ ತಿಳಿಸಬೇಕು, 180 ದಿನಗಳ ಲಾಗ್ ಇಟ್ಟಿರಬೇಕು.

ಹಾಗಾಗಿ ಆ ಮಳೆಗಾಲದ ಸಂಜೆ ನೆರೆ ಹರಿಸುವ ಮೊದಲು ನಾವು ಮಾಡಿದ ಕೆಲಸ ಮನೆಯ ಇಂಟರ್ನೆಟ್ ಕೇಬಲನ್ನು ರ‍್ಯಾಕ್‌ನಿಂದ ಕಿತ್ತು ಪಕ್ಕಕ್ಕಿಟ್ಟದ್ದು. ನಲವತ್ತು ಸಾಲು ಬರೆದು ದಣಿದ ಹುಡುಗ ನಿಯಮಗಳನ್ನೆಲ್ಲ ಅಳಿಸಿ, ನಾನು ಮೊದಲೇ ಆಫ್ ಮಾಡಿಟ್ಟಿದ್ದ ಸಿನ್ ಕುಕಿಯನ್ನು ಆನ್ ಮಾಡಿದ. ನೆರೆ ಹರಿಯುತ್ತಲೇ ಇತ್ತು, ಪುಟ ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಇನ್ನೊಂದು ಕಂಪ್ಯೂಟರಿನಿಂದಲೂ ಸುರಿಸಿ ಸ್ವಿಚ್ಚುಗಳ ನಡುವಿನ ಲೈನನ್ನೇ ತುಂಬಿಸಿದೆವು. ಪುಟ ನಿಂತಿತು. ಸರ್ವರ್‌ನ ಪ್ರೊಸೆಸರ್ ನೋಡಿದರೆ ಹೆಚ್ಚುಕಡಿಮೆ ಖಾಲಿ ಕುಳಿತಿತ್ತು. ಹುಡುಗ ಪರದೆಯನ್ನು ಬಹಳ ಹೊತ್ತು ನೋಡಿ, “ಈಗ ಇಲ್ಲಿಂದ ಏನೂ ಮಾಡೋಕಾಗಲ್ಲ. ಯಾರಿಗೆ ಫೋನ್ ಮಾಡ್ಬೇಕು ಸರ್?” ಎಂದ. ಮುಂದಿನ ವಾರ ಬರುವಾಗ ತಾನು ಹೊಸದಾಗಿ ಸೇರಿದ ಕೆಲಸದ ಜಾಗದ ಐಎಸ್‌ಪಿಯ ನಿಯಂತ್ರಣ ಕೊಠಡಿಯ ನಂಬರನ್ನು ಕಾಗದದ ಮೇಲೆ ಬರೆದು ಅಲ್ಲಿನ ರ‍್ಯಾಕ್ ಬಾಗಿಲಿಗೆ ಅಂಟಿಸಿ ಬಂದಿದ್ದ. ಕಾಗದದ ಮೇಲೇ ಯಾಕೆ ಎಂದು ಇನ್ನೊಬ್ಬಳು ಕೇಳಿದಳು. ಲೈನ್ ತುಂಬಿದಾಗ ಮೇಲ್ ತೆರೆಯುವುದಿಲ್ಲವಲ್ಲ ಎಂದ.